ಘಾಟಿ ಇಳಿಯುವ ಹಳೇ ಲಾರಿಯ ಎಕ್ಸಾಸ್ಟ್ ಬ್ರೇಕ್ : ತೊಂದರೆ ಮತ್ತು ಪರಿಹಾರ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮಾಹಿತಿ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಂದರ್ಭದಲ್ಲಿ ಸಾಲ ವಸೂಲಾತಿ, ಠೇವಣಿ, ಲಾಭಾಂಶದ ಬಗ್ಗೆ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ. ಲಾರಿಯ ಬಗ್ಗೆ ನೀವೇ ಎರಡು ಮಾತು ಆಡಿ ಅಂತ ಅಧ್ಯಕ್ಷರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಮೆಕ್ಯಾನಿಕ್ ಅಲ್ಲ, ಇಂಜಿನಿಯರಂತೂ ಮೊದಲೇ ಅಲ್ಲ. ಆದರೆ ಸಂಘದ ಲಾರಿಯ ಉಸ್ತುವಾರಿ ವರ್ಷಗಟ್ಟಲೆ ನೋಡಿಕೊಂಡಿದ್ದರಿಂದ, ಗ್ಯಾರೇಜಿನ ಬಾಗಿಲಲ್ಲಿ ಕೂತು ಕೇಳಿ, ನೋಡಿ, ಕೈ ಮಸಿ ಮಾಡಿಕೊಂಡು ಕಲಿತ ನಾಲ್ಕು ವಿಷಯ ನಮ್ಮಲ್ಲಿವೆ. ಅದನ್ನು ತಮ್ಮ ಮುಂದೆ ಇಡುತ್ತೇವೆ.

ನಮ್ಮದು ಘಟ್ಟದ ಮೇಲಿನ ಊರು. ಅಡಿಕೆ, ಶುಂಠಿ, ಬಾಳೆ ಕೆಳಗೆ ಇಳಿಯಬೇಕು. ಗೊಬ್ಬರ, ಸಿಮೆಂಟು ಮೇಲೆ ಹತ್ತಬೇಕು. ಹುಲಿಕಲ್ ಇರಲಿ, ಚಾರ್ಮಾಡಿ ಇರಲಿ, ಶಿರಾಡಿ ಇರಲಿ, ಘಾಟಿ ಇಳಿಯದೆ ನಮ್ಮ ವ್ಯವಹಾರ ನಡೆಯುವುದಿಲ್ಲ. ಹತ್ತುವಾಗ ಕಷ್ಟಪಡುವುದು ಎಂಜಿನ್. ಇಳಿಯುವಾಗ ಕಷ್ಟಪಡುವುದು ಬ್ರೇಕು. ಹತ್ತುವಾಗ ಏನಾದರೂ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಕೈಕೊಟ್ಟರೆ ಗಾಡಿ ನಿಲ್ಲುವುದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಈ ವ್ಯತ್ಯಾಸದಲ್ಲಿ ಮನುಷ್ಯರ ಪ್ರಾಣ ಇದೆ.

ಇಳಿಜಾರಿನ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ ಹೇಳುತ್ತೇವೆ. ಗಾಡಿ, ಲೋಡು ಸೇರಿ 10 ಟನ್ ಅಂತ ಇಟ್ಟುಕೊಳ್ಳಿ. ಘಾಟಿಯ ನೆತ್ತಿಯಿಂದ ಬುಡಕ್ಕೆ ಎತ್ತರದ ಲೆಕ್ಕದಲ್ಲಿ 500 ಮೀಟರ್ ಇಳಿಯುತ್ತದೆ. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 13ರಿಂದ 14 ಯೂನಿಟ್ ಕರೆಂಟಿನಷ್ಟು. ಇನ್ನೂ ಸುಲಭವಾಗಿ ಹೇಳಬೇಕಾದರೆ, ಅಷ್ಟು ಶಕ್ತಿಯಲ್ಲಿ 165 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ನಮ್ಮ ಬಚ್ಚಲ ಮನೆಯ ದೊಡ್ಡ ಹಂಡೆ ಎರಡು ತುಂಬ ನೀರು ಕೊತಕೊತ ಕುದಿಯುವಷ್ಟು ಬಿಸಿ! ಗಾಳಿಯ ತಡೆ, ರಸ್ತೆಯ ಎಳೆತ ಅದರಲ್ಲಿ ಸ್ವಲ್ಪ ತಿನ್ನುತ್ತವೆ. ಉಳಿದದ್ದು ಎಲ್ಲಾದರೂ ಹೋಗಲೇಬೇಕಲ್ಲ? ಕಾಲಿನ ಬ್ರೇಕೊಂದನ್ನೇ ನಂಬಿಕೊಂಡು ಇಳಿದರೆ ಅಷ್ಟೂ ಬಿಸಿ ಹೋಗಿ ಸೇರುವುದು ಚಕ್ರದೊಳಗಿನ ಡ್ರಮ್ಮಿಗೆ ಮತ್ತು ಲೈನರಿಗೆ. ಮೇಲೆ ಇನ್ನೊಂದು ಟನ್ ಹೆಚ್ಚಿಗೆ ಹೇರಿದರೆ ಮತ್ತೆ 16 ಲೀಟರ್ ನೀರು ಕುದಿಯುವಷ್ಟು ಬಿಸಿ ಸೇರಿತು ಅಂತ ತಿಳಿಯಿರಿ.

ಲೈನರ್ ಒಂದು ಮಿತಿ ದಾಟಿ ಕಾದರೆ ಅದರ ಹಿಡಿತ ಸಡಿಲವಾಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ. ಲೈನರು ಅದನ್ನು ಮುಟ್ಟಲು ಇನ್ನೂ ದೂರ ಹೋಗಬೇಕಾಗುತ್ತದೆ. ಎಣ್ಣೆ ಬ್ರೇಕಿನ ಸಣ್ಣ ಗಾಡಿಗಳಲ್ಲಿ ನೀರು ಹೀರಿಕೊಂಡ ಹಳೇ ಬ್ರೇಕ್ ಎಣ್ಣೆ ಕುದ್ದು ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. "ಬ್ರೇಕ್ ಫೇಲ್ ಆಯ್ತು" ಅಂತ ನಾವು ಹೇಳುವುದರಲ್ಲಿ ಎಷ್ಟೋ ಸಲ ಮುರಿದದ್ದು ಏನೂ ಇರುವುದಿಲ್ಲ. ಬಿಸಿಯೇ ಬ್ರೇಕನ್ನು ತಿಂದಿರುತ್ತದೆ. ಗಾಡಿ ತಣ್ಣಗಾದ ಮೇಲೆ ನೋಡಿದರೆ ಬ್ರೇಕ್ ಸರಿಯಾಗಿಯೇ ಹಿಡಿಯುತ್ತದೆ!

ಆದ್ದರಿಂದ ನಾವು ಇವತ್ತು ಹೇಳುವ ಮುಖ್ಯ ಮಾತು ಒಂದೇ. ಘಾಟಿಯಲ್ಲಿ ಗಾಡಿ ತಡೆಯುವ ಮೊದಲನೇ ಬ್ರೇಕ್ ಎಂಜಿನ್. ಕಾಲಿನ ಬ್ರೇಕು ಎರಡನೆಯದು. ಆ ಮೊದಲನೇ ಬ್ರೇಕಿಗೆ ಬಲ ಕೊಡುವುದು ಸೈಲೆನ್ಸರ್ ಪೈಪಿನಲ್ಲಿರುವ ಅಂಗೈಯಗಲದ ಒಂದು ಬಿಲ್ಲೆ. ಅದಕ್ಕೇ ಎಕ್ಸಾಸ್ಟ್ ಬ್ರೇಕ್ ಅನ್ನುವುದು. ನಮ್ಮ ಕಡೆ ಓಡುವ ಹಳೇ ಗಾಡಿಗಳಲ್ಲಿ ಎಲ್ಲಕ್ಕೂ ಅದು ಇಲ್ಲ. ಇರುವುದರಲ್ಲೂ ಎಷ್ಟೋ ಕಡೆ ಅದು ಹೆಸರಿಗೆ ಮಾತ್ರ ಇದೆ. ಮಸಿ ಕಟ್ಟಿ ಸತ್ತು ಹೋಗಿರುತ್ತದೆ, ಇಲ್ಲವೇ ಯಾರೋ ತಂತಿ ಬಿಗಿದು ಬಿಟ್ಟಿರುತ್ತಾರೆ.

ಬಿಲ್ಲೆಯ ಹಳೇ ಕಥೆ

ಸೈಲೆನ್ಸರ್ ದಾರಿಯಲ್ಲಿ ಬಿಲ್ಲೆ ಇಡುವ ಪದ್ಧತಿ ಹೊಸದೇನಲ್ಲ. ಹಿಂದೆ ಡಾಡ್ಜ್, ಷೆವರ್ಲೆ ಪೆಟ್ರೋಲ್ ಲಾರಿಗಳು ಓಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅವುಗಳ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೂ ಒಂದು ಬಿಲ್ಲೆ ಇರುತ್ತಿತ್ತು. ಅದರ ಕೆಲಸ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಿಸಿ ಹೊಗೆಯನ್ನು ಕಾರ್ಬುರೇಟರಿನ ಬುಡಕ್ಕೆ ತಿರುಗಿಸಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವಂತೆ ಮಾಡುವುದು. ಎಂಜಿನ್ ಕಾದ ಮೇಲೆ ಒಂದು ಸುರುಳಿ ಸ್ಪ್ರಿಂಗ್ ಬಿಸಿಗೆ ಸಡಿಲಗೊಂಡು ಬಿಲ್ಲೆ ತಾನಾಗಿ ದಾರಿ ಬದಲಿಸುತ್ತಿತ್ತು. ಅದು ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿಕೊಂಡರೆ ಎಂಜಿನ್ ಕಾಯುವುದು, ಪಿಕಪ್ ಹೋಗುವುದು. ತೆರೆದ ಸ್ಥಿತಿಯಲ್ಲಿ ಕಚ್ಚಿಕೊಂಡರೆ ಬೆಳಿಗ್ಗೆ ಗಾಡಿ ಕೆಮ್ಮುವುದು, ಎಷ್ಟು ಹೊತ್ತಾದರೂ ಚೋಕ್ ಬಿಡಲು ಆಗದಿರುವುದು. ಎರಡಕ್ಕೂ ಮೂಲ ಒಂದೇ: ಬಿಲ್ಲೆಯ ಕಡ್ಡಿಗೆ ಕಟ್ಟಿದ ಮಸಿ.

1954ರಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಸಹಯೋಗದಲ್ಲಿ ಜಮ್ಶೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಸಲು ಹೊರಟರು. ಕ್ರಮೇಣ ಪೆಟ್ರೋಲ್ ಲಾರಿಗಳು ಮರೆಯಾದವು. ಡೀಸೆಲ್‌ಗೆ ಕಾರ್ಬುರೇಟರ್ ಇಲ್ಲ, ಹಾಗಾಗಿ ಬಿಸಿ ಕೊಡುವ ಆ ಬಿಲ್ಲೆಯೂ ಬೇಕಾಗಲಿಲ್ಲ. ಆದರೆ ಇನ್ನೊಂದು ಕೊರತೆ ಕಂಡಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಒಳಗೆ ಹೋಗುವ ಗಾಳಿಯ ದಾರಿ ಮುಚ್ಚುತ್ತದೆ, ಎಂಜಿನ್ ಉಸಿರು ಕಟ್ಟಿ ಗಾಡಿಯನ್ನು ಹಿಡಿಯುತ್ತದೆ. ಹಳೇ ಡೀಸೆಲ್ ಎಂಜಿನ್ನಿಗೆ ಗಾಳಿಯ ದಾರಿ ಸಾಧಾರಣವಾಗಿ ಯಾವಾಗಲೂ ತೆರೆದೇ ಇರುತ್ತದೆ, ನಿಲ್ಲುವುದು ಡೀಸೆಲ್ ಮಾತ್ರ. ಹಾಗಾಗಿ ಅದರ ಹಿಡಿತ ಕಡಿಮೆ. ಆ ಕೊರತೆ ತುಂಬಲು ಹೊಗೆ ಹೊರಹೋಗುವ ದಾರಿಯಲ್ಲಿ ಬಿಲ್ಲೆ ಬಂತು.

ಇದು ಕೆಲಸ ಮಾಡುವ ರೀತಿ ಬಹಳ ಸುಲಭ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಪಂಪ್ ಹೊಡೆದು ನೋಡಿ. ಕೈ ಹಿಂದಕ್ಕೆ ತಳ್ಳಿದಂತಾಗುತ್ತದೆ ಅಲ್ವಾ? ಹಾಗೆಯೇ, ಡ್ರೈವರ್ ಬಟನ್ ಒತ್ತಿದಾಗ ಗಾಳಿ ಸಿಲಿಂಡರ್ ಬಿಲ್ಲೆಯನ್ನು ಅಡ್ಡ ತಿರುಗಿಸುತ್ತದೆ. ಜೊತೆಗೆ ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಎಳೆದು ಡೀಸೆಲ್ ನಿಲ್ಲಿಸುವ ವ್ಯವಸ್ಥೆಯೂ ಹಲವು ಗಾಡಿಗಳಲ್ಲಿದೆ. ಪಿಸ್ಟನ್ ಗಾಳಿಯನ್ನು ಹೊರದಬ್ಬಲು ಹೋದರೆ ದಾರಿ ಮುಚ್ಚಿದೆ. ಆ ಒತ್ತಡವನ್ನು ತಳ್ಳುವುದರಲ್ಲೇ ಗಾಡಿಯ ವೇಗ ಸವೆಯುತ್ತದೆ. ಬಿಸಿಯೆಲ್ಲ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹೋಗುತ್ತದೆ. ಡ್ರಮ್ ತಣ್ಣಗೇ ಉಳಿಯುತ್ತದೆ. ಒತ್ತಡ ಮಿತಿ ಮೀರಿದರೆ ಎಂಜಿನ್ನಿನ ವಾಲ್ವುಗಳಿಗೆ ಪೆಟ್ಟು. ಅದಕ್ಕಾಗಿ ಬಿಲ್ಲೆಯಲ್ಲಿ ಒಂದು ಸಣ್ಣ ತೂತು, ಇಲ್ಲವೇ ಅಂಚಿನಲ್ಲಿ ಸ್ವಲ್ಪ ಸಂದು ಬಿಟ್ಟಿರುತ್ತಾರೆ. ತೂತು ಇರುವುದು ದೋಷ ಅಂತ ತಿಳಿದು ಯಾರೂ ಬೆಸುಗೆ ಹಾಕಿ ಮುಚ್ಚಿಸಬಾರದು.

ತೊಂದರೆ ಗುರುತಿಸುವುದು

ಈ ಬಿಲ್ಲೆಗೆ ಬರುವ ಕಾಯಿಲೆಗಳು ನಾಲ್ಕು. ಒಂದೊಂದಾಗಿ ಹೇಳುತ್ತೇವೆ.

ಒಂದನೆಯದು, ಬಿಲ್ಲೆ ಪೂರ್ತಿ ತೆರೆಯದೆ ಅರ್ಧದಲ್ಲಿ ಕಚ್ಚಿಕೊಳ್ಳುವುದು. ಇದರ ಲಕ್ಷಣ: ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಟೆಂಪರೇಚರ್ ಮುಳ್ಳು ಏರುತ್ತದೆ. ಲೋಡಿನಲ್ಲಿ ಮ್ಯಾನಿಫೋಲ್ಡ್ ವಿಪರೀತ ಕಾಯುತ್ತದೆ. ಇಲ್ಲಿ ಒಂದು ಅನುಭವ ಹೇಳಲೇಬೇಕು. ಸಂಘದ ಹಳೇ ಲಾರಿಗೆ ಇದೇ ರೀತಿ ಆದಾಗ ಒಂದು ಗ್ಯಾರೇಜಿನವರು ಡೀಸೆಲ್ ಪಂಪ್ ಹೋಗಿದೆ ಅಂದರು. ಪಂಪ್ ಬಿಚ್ಚಿ ಪೇಟೆಗೆ ಕಳಿಸಿ ಕ್ಯಾಲಿಬ್ರೇಷನ್ ಮಾಡಿಸಿದ್ದಾಯಿತು. ಗಾಡಿ ಮೂರು ದಿನ ನಿಂತಿತು, ಬಿಲ್ಲು ಬಂತು, ಆದರೆ ಕಾಯಿಲೆ ಹಾಗೇ ಇತ್ತು. ಕೊನೆಗೆ ನಮ್ಮ ಹಿರಿಯ ಡ್ರೈವರ್ ಗಾಡಿ ಕೆಳಗೆ ಮಲಗಿ ಬಿಲ್ಲೆಯ ಲಿವರಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರು. ಲಿವರ್ ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಬಿಲ್ಲೆ ಅರ್ಧ ಅಡ್ಡಲಾಗಿ ನಿಂತು ಸುತ್ತ ಮಸಿ ಗಟ್ಟಿಯಾಗಿತ್ತು. ತೊಳೆದು ಹಾಕಿದ ಮೇಲೆ ಗಾಡಿ ಮೊದಲಿನ ಹಾಗೆ ಎಳೆಯಿತು. ಆದ್ದರಿಂದ ಪಿಕಪ್ ಹೋದರೆ ಮೊದಲು ಏರ್ ಕ್ಲೀನರ್, ಡೀಸೆಲ್ ಫಿಲ್ಟರ್, ನಂತರ ಈ ಬಿಲ್ಲೆ ನೋಡಿ. ಪಂಪಿಗೆ ಕೈ ಹಾಕುವುದು ಆಮೇಲೆ.

ಎರಡನೆಯದು, ಬಟನ್ ಒತ್ತಿದರೂ ಬಿಲ್ಲೆ ಮುಚ್ಚದಿರುವುದು. ಗಾಡಿ ಹಿಡಿಯುವುದಿಲ್ಲ, ಎಂಜಿನ್ ಶಬ್ದ ಬದಲಾಗುವುದಿಲ್ಲ. ಕಾರಣ ಮಸಿ ಇರಬಹುದು, ಗಾಳಿ ಪೈಪ್ ಸೋರುತ್ತಿರಬಹುದು, ಸಿಲಿಂಡರಿನ ವಾಷರ್ ಹೋಗಿರಬಹುದು. ಕರೆಂಟಿನಿಂದ ನಡೆಯುವ ವಾಲ್ವ್ ಇದ್ದರೆ ಫ್ಯೂಸ್, ವಯರ್ ಅಥವಾ ಸ್ವಿಚ್ ಕೆಟ್ಟಿರಬಹುದು. ಕೆಲವು ಸಣ್ಣ ಲಾರಿಗಳಲ್ಲಿ ಗಾಳಿಯ ಬದಲು ವ್ಯಾಕ್ಯೂಮ್ ಇರುತ್ತದೆ. ಅಲ್ಲಿ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಬೇಕು.

ಮೂರನೆಯದು, ಬಿಲ್ಲೆ ಮುಚ್ಚುತ್ತದೆ ಆದರೆ ಹಿಡಿತ ಇಲ್ಲ. ಆಗ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿರುತ್ತದೆ, ಇಲ್ಲವೇ ಬಿಲ್ಲೆಯ ಅಂಚು ಸುಟ್ಟು ಸವೆದಿರುತ್ತದೆ, ಇಲ್ಲವೇ ಲಿವರಿನ ಅಳತೆ ತಪ್ಪಿ ಪೂರ್ತಿ ಮುಚ್ಚದೆ ನಿಂತಿರುತ್ತದೆ. ಜಾಯಿಂಟಿನ ಹತ್ತಿರ ಹೊಸ ಮಸಿಯ ಗೆರೆ ಕಂಡರೆ ಸೋರಿಕೆ ಅಂತಲೇ ಅರ್ಥ. ಬ್ರೇಕ್ ಹಿಡಿದ ಹೊತ್ತಿನಲ್ಲಿ ಕಪ್ಪು ಹೊಗೆ ಬಂದರೆ ಡೀಸೆಲ್ ನಿಲ್ಲುತ್ತಿಲ್ಲ. ಪಂಪಿನ ಸ್ಟಾಪ್ ಲಿವರಿನ ಕಡೆ ನೋಡಬೇಕು.

ನಾಲ್ಕನೆಯದು, ಬಟನ್ ಬಿಟ್ಟ ಮೇಲೂ ಬಿಲ್ಲೆ ನಿಧಾನವಾಗಿ ಬಿಡುವುದು. ಎಳೆಯುವ ಸ್ಪ್ರಿಂಗ್ ಬಿಸಿಗೆ ಸೋತಿರುತ್ತದೆ ಅಥವಾ ಬುಷ್ ಒಣಗಿರುತ್ತದೆ. ಇದನ್ನು ಸಣ್ಣದು ಅಂತ ಬಿಡಬೇಡಿ. ಇವತ್ತು ನಿಧಾನವಾಗಿ ಬಿಡುವುದು ನಾಳೆ ಬಿಡದೇ ಹೋಗುತ್ತದೆ. ಮೊದಲು ಹೇಳಿದ ಒಂದನೇ ಕಾಯಿಲೆ ಶುರುವಾಗುವುದೇ ಹೀಗೆ.

ಪರೀಕ್ಷೆ ಮಾಡುವ ಕ್ರಮ

ಇದಕ್ಕೆ ದೊಡ್ಡ ಸಾಮಾನು ಬೇಡ. ಇಬ್ಬರು ಜನ, ಅರ್ಧ ಗಂಟೆ ಸಾಕು. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಗಾಳಿ ಟ್ಯಾಂಕಿನಲ್ಲಿ ಒತ್ತಡ ಪೂರ್ತಿ ತುಂಬಿಸಿ ಎಂಜಿನ್ ಆರಿಸಿ. ಪೈಪ್ ತಣ್ಣಗಾಗುವ ತನಕ ಕಾಯಿರಿ, ಇಲ್ಲದಿದ್ದರೆ ಕೈ ಸುಡುತ್ತದೆ. ಒಬ್ಬರು ಒಳಗೆ ಕೂತು ಬಟನ್ ಒತ್ತಲಿ (ಕೀ ಹಾಕಬೇಕಾದ ಗಾಡಿಯಾದರೆ ಕೀ ಹಾಕಿ, ಆದರೆ ಸ್ಟಾರ್ಟ್ ಮಾಡಬಾರದು). ಇನ್ನೊಬ್ಬರು ಲಿವರ್ ನೋಡಲಿ. ಲಿವರ್ ಟಪ್ ಅಂತ ಪೂರ್ತಿ ತಿರುಗಬೇಕು, ಬಿಟ್ಟ ಕೂಡಲೇ ಟಪ್ ಅಂತ ವಾಪಸ್ ಬರಬೇಕು. ತಡವರಿಸಿದರೆ ಸಿಲಿಂಡರಿನ ರಾಡ್ ಕಳಚಿ ಲಿವರನ್ನು ಕೈಯಲ್ಲಿ ತಿರುಗಿಸಿ. ಕೈಗೆ ಸಲೀಸಾಗಿ ತಿರುಗಿದರೆ ತೊಂದರೆ ಗಾಳಿಯ ಕಡೆ ಇದೆ. ಕೈಗೂ ಬಿಗಿಯಾಗಿದ್ದರೆ ತೊಂದರೆ ಬಿಲ್ಲೆಯಲ್ಲಿದೆ. ಗಾಳಿಯ ಕಡೆಯಾದರೆ ಎಲ್ಲಾ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಗಾಳಿ ಟ್ಯಾಂಕಿನ ನೀರನ್ನು ಬಿಡುವುದು ಮಳೆಗಾಲದಲ್ಲಿ ದಿನವೂ ಆಗಬೇಕು.

ಬಿಲ್ಲೆಯ ಕಡೆಯಾದರೆ ಬಿಚ್ಚಿ ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಕಡ್ಡಿಯನ್ನು ಹಿಂದೆ ಮುಂದೆ ಆಡಿಸುತ್ತಾ ಮಸಿ ಬಿಡಿಸಿ. ಸುತ್ತಿಗೆಯಲ್ಲಿ ಬಡಿದರೆ ಬಿಲ್ಲೆ ಸೊಟ್ಟಗಾಗುತ್ತದೆ, ಕಡ್ಡಿ ಬಾಗುತ್ತದೆ. ಆಮೇಲೆ ಅದು ಎಂದಿಗೂ ಸರಿ ಕೂರುವುದಿಲ್ಲ. ತೊಳೆದ ಮೇಲೆ ಡೀಸೆಲ್ ಪೂರ್ತಿ ಒರೆಸಿ ಒಣಗಿಸಿ. ಹಚ್ಚುವುದು ಗ್ರಾಫೈಟ್ ಪುಡಿ, ಇಲ್ಲವೇ ಹೆಚ್ಚು ಬಿಸಿ ತಡೆಯುವ ಲೂಬ್ರಿಕೆಂಟ್ ಮಾತ್ರ. ಎಂಜಿನ್ ಆಯಿಲ್, ಸಾದಾ ಗ್ರೀಸ್ ಹಚ್ಚಲೇ ಬಾರದು. ಆ ಬಿಸಿಗೆ ಅದು ಸುಟ್ಟು ಮತ್ತೆ ಮಸಿಯೇ ಆಗುತ್ತದೆ. ಕಡ್ಡಿ ಬುಷ್‌ನಲ್ಲಿ ಅತ್ತಿತ್ತ ಆಡುತ್ತಿದ್ದರೆ ಬುಷ್ ಬದಲಿಸಿ. ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಕೊನೆಯಲ್ಲಿ ಲಿವರ್ ಎರಡೂ ತುದಿಗೆ ಪೂರ್ತಿ ಹೋಗುತ್ತದೆಯೇ ಎಂದು ಮತ್ತೊಮ್ಮೆ ನೋಡಿ.

ತಂತಿ ಬಿಗಿದು ಬಿಲ್ಲೆಯನ್ನು ಖಾಯಂ ತೆರೆದಿಡುವುದು ರಿಪೇರಿ ಅಲ್ಲ. ಪಿಕಪ್ ಬಂತು ಅಂತ ಖುಷಿಯಾಗಬಹುದು. ಆದರೆ ಗಾಡಿಯ ಒಂದು ಬ್ರೇಕನ್ನೇ ಕಿತ್ತು ಹಾಕಿದ ಹಾಗೆ ಆಯಿತು. ಮುಂದಿನ ವಾರ ಬೇರೆ ಡ್ರೈವರ್ ಹತ್ತುತ್ತಾನೆ, ಬಟನ್ ಇದೆ ಅಂತ ನಂಬಿ ತಿರುವಿಗೆ ಬರುತ್ತಾನೆ. ಒತ್ತಿದರೆ ಏನೂ ಇಲ್ಲ! ಆ ಗಳಿಗೆಯಲ್ಲಿ ಅವನಿಗೆ ಯಾರು ದಿಕ್ಕು?

ಘಾಟಿಯಲ್ಲಿ ನಡೆದುಕೊಳ್ಳುವ ರೀತಿ

ಇನ್ನು ಡ್ರೈವರ್ ಮಿತ್ರರಿಗೆ ಎರಡು ಮಾತು. ತಮಗೆ ಗೊತ್ತಿಲ್ಲದ್ದು ಅಂತಲ್ಲ, ಗೊತ್ತಿದ್ದದ್ದನ್ನೇ ನೆನಪು ಮಾಡುತ್ತೇವೆ. ಘಾಟಿ ಶುರುವಾಗುವ ಮೊದಲೇ, ಸಮತಟ್ಟಿನಲ್ಲೇ, ಒಮ್ಮೆ ಎಕ್ಸಾಸ್ಟ್ ಬಟನ್ ಒತ್ತಿ ಹಿಡಿತ ನೋಡಿಕೊಳ್ಳಿ. ಲೋಡಿನಲ್ಲಿ ಹತ್ತಲು ಬೇಕಾದ ಗೇರಿನಲ್ಲೇ, ಬೇಕಾದರೆ ಅದಕ್ಕಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಿರಿ. ಎಕ್ಸಾಸ್ಟ್ ಬ್ರೇಕಿಗೆ ಬಲ ಬರುವುದು ಕೆಳಗಿನ ಗೇರಿನಲ್ಲಿ, ಎಂಜಿನ್ ಚುರುಕಾಗಿ ತಿರುಗುವಾಗ. ಟಾಪ್ ಗೇರಿನಲ್ಲಿ ಒತ್ತಿ "ಇದು ಹಿಡಿಯೋದೇ ಇಲ್ಲ" ಅಂದರೆ ತಪ್ಪು ಬಿಲ್ಲೆಯದಲ್ಲ. ಆದರೆ ಎಂಜಿನ್ನಿನ ಮಿತಿ ಮೀರಿ ತಿರುಗಲೂ ಬಿಡಬಾರದು. ಮೀರುವ ಹಾಗೆ ಕಂಡರೆ ಕಾಲಿನ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಪೂರ್ತಿ ಬಿಡಿ. ಇಡೀ ಘಾಟಿ ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಬರಬೇಡಿ.

ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅದು ಸುಳ್ಳು. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದಿದ್ದರೆ ಪಂಪಿನ ಗವರ್ನರ್ ಡೀಸೆಲ್ಲನ್ನು ಕಡಿದು ಹಾಕುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಂತೆ ನಡೆಸಲು ಡೀಸೆಲ್ ಬೇಕೇ ಬೇಕು. ಹಾಗಾಗಿ ಉಳಿತಾಯ ಇರುವುದು ಗೇರಿನಲ್ಲಿ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಹಿಡಿತವೂ ಇಲ್ಲ, ಎಕ್ಸಾಸ್ಟ್ ಬ್ರೇಕೂ ಇಲ್ಲ. ವೇಗ ಏರಿದ ಮೇಲೆ ಗೇರ್ ಕೂರುವುದೂ ಇಲ್ಲ.

ಎಕ್ಸಾಸ್ಟ್ ಬ್ರೇಕಿಗೂ ಮಿತಿ ಇದೆ. ಅದು ಗಾಡಿಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಅದರ ಹಿಡಿತ ಎಂಜಿನ್ ಎಳೆಯುವ ಚಕ್ರಗಳಿಗೆ, ಅಂದರೆ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಮಳೆಗಾಲದಲ್ಲಿ ಎಲೆ, ಕೆಸರು ಬಿದ್ದ ತಿರುವಿನಲ್ಲಿ ಖಾಲಿ ಗಾಡಿಗೆ ಜೋರಾಗಿ ಹಿಡಿದರೆ ಹಿಂಭಾಗ ಜಾರಬಹುದು. ಅಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿಕೊಂಡಿರಬೇಕು. ಲೈನರ್ ಸುಟ್ಟ ವಾಸನೆ ಬಂದರೆ, ಡ್ರಮ್ಮಿನಿಂದ ಹೊಗೆ ಕಂಡರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ದರೆ ಅದು ಬಿರುಕು ಬಿಡುತ್ತದೆ.

ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ಹೇಳಿದ್ದೆಲ್ಲ ಹಳೇ ಗಾಡಿಗಳ ವಿಚಾರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಂಜಿನ್, ಹೊಗೆ ದಾರಿ ಎಲ್ಲವೂ ಕಂಪ್ಯೂಟರ್ ಹಿಡಿತದಲ್ಲಿವೆ. ಅವುಗಳ ಸೈಲೆನ್ಸರ್ ಕಡೆ ನಮ್ಮ ಸ್ಪ್ಯಾನರ್ ಹೋಗಬಾರದು. ಅದು ತಿಳಿದವರ ಕೆಲಸ.

ಸಂಘದಿಂದ ಆಗಬೇಕಾದ್ದು

ಮಾತು ಮುಗಿಸುವ ಮುನ್ನ ಮೂರು ಸಲಹೆಗಳನ್ನು ಆಡಳಿತ ಮಂಡಳಿಯ ಮತ್ತು ಸದಸ್ಯರ ಮುಂದಿಡುತ್ತೇವೆ. ಮೊದಲನೆಯದಾಗಿ, ಲಾರಿಯ ಲಾಗ್ ಪುಸ್ತಕದಲ್ಲಿ ಡೀಸೆಲ್, ಕಿಲೋಮೀಟರ್ ಬರೆಯುವ ಹಾಗೆ ಎಕ್ಸಾಸ್ಟ್ ಬ್ರೇಕ್ ಪರೀಕ್ಷೆಗೂ ಒಂದು ಕಾಲಂ ಇರಲಿ. ಹದಿನೈದು ದಿನಕ್ಕೊಮ್ಮೆ ನೋಡಿ ಸಹಿ ಹಾಕಲಿ. ಎರಡನೆಯದಾಗಿ, ಸೀಸನ್ನಿನಲ್ಲಿ ನಾವು ಹಿಡಿಯುವ ಬಾಡಿಗೆ ಲಾರಿಗಳಿಗೂ ಇದೇ ಪ್ರಶ್ನೆ ಕೇಳೋಣ. ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಬ್ರೇಕ್ ಹೇಗಿದೆ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೆಯದು ಮತ್ತು ಮುಖ್ಯವಾದದ್ದು ಸದಸ್ಯರಾದ ನಮಗೆಲ್ಲ ಸೇರಿದ್ದು. "ಇನ್ನೆರಡು ಮೂಟೆ ಹಾಕಪ್ಪ, ಏನಾಗೋದಿಲ್ಲ" ಅನ್ನುವವರು ನಾವೇ. "ಬೆಳಗಾಗೋದ್ರೊಳಗೆ ಮಂಡಿಗೆ ಮುಟ್ಟಬೇಕು" ಅಂತ ಅವಸರ ಮಾಡುವವರೂ ನಾವೇ. ಗಾಡಿ ಸರಿ ಇಲ್ಲ, ಇವತ್ತು ಇಳಿಸುವುದಿಲ್ಲ ಅಂತ ಡ್ರೈವರ್ ಹೇಳಿದರೆ ಅವನಿಗೆ ಸೋಮಾರಿ ಅನ್ನುವ ಪಟ್ಟ ಕಟ್ಟಬಾರದು. ಆ ಮಾತು ಹೇಳುವ ಹಕ್ಕು ಅವನಿಗೆ ಇರಬೇಕು. ಅದಕ್ಕೆ ಅವನ ಸಂಬಳ ಕತ್ತರಿಸಬಾರದು, ಕೆಲಸಕ್ಕೆ ಕುತ್ತು ತರಬಾರದು. ಅಡಿಕೆ ಒಂದು ದಿನ ತಡವಾದರೆ ದರದಲ್ಲಿ ನಾಲ್ಕು ಕಾಸು ಹೆಚ್ಚು ಕಡಿಮೆ ಆದೀತು. ಮೂಟೆಯ ಮೇಲೆ ಕೂತು ಹೋದ ಹಮಾಲಿ, ಪಕ್ಕದಲ್ಲಿ ಕೂತ ಕ್ಲೀನರ್ ಹುಡುಗ, ಅವರ ಮನೆಯವರು ರಾತ್ರಿ ದಾರಿ ಕಾಯುತ್ತಿರುತ್ತಾರೆ. ಮೂಟೆಯ ಮೇಲೆ ಜನ ಕೂರಿಸುವುದನ್ನೂ ಇವತ್ತಿನಿಂದಲೇ ನಿಲ್ಲಿಸೋಣ.

ಸಹಕಾರ ಅಂದರೆ ಒಬ್ಬರ ಭಾರವನ್ನು ಎಲ್ಲರೂ ಹೊರುವುದು ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಘಾಟಿ ಇಳಿಯುವ ಭಾರವನ್ನೂ ನಾಲ್ಕು ಡ್ರಮ್ಮಿನ ಮೇಲೆ, ಒಬ್ಬ ಡ್ರೈವರನ ಕಾಲಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಾರದು. ಎಂಜಿನ್ ಒಂದು ಪಾಲು ಹೊರಲಿ, ಬಿಲ್ಲೆ ಒಂದು ಪಾಲು ಹೊರಲಿ, ಬ್ರೇಕು ಒಂದು ಪಾಲು ಹೊರಲಿ, ತಾಳ್ಮೆಯ ಪಾಲನ್ನು ಸದಸ್ಯರಾದ ನಾವು ಹೊರೋಣ.

 ಬಿಡುವಿನ ವೇಳೆಯಲ್ಲಿ ಹೊರಗೆ ನಿಲ್ಲಿಸಿರುವ ಸಂಘದ ಲಾರಿಯ ಹತ್ತಿರ ಬನ್ನಿ. ಬಿಲ್ಲೆ ಎಲ್ಲಿರುತ್ತದೆ, ಲಿವರ್ ಹೇಗೆ ತಿರುಗಬೇಕು ಅನ್ನುವುದನ್ನು ನಮ್ಮ ಡ್ರೈವರ್ ಅವರೇ ತೋರಿಸಿಕೊಡುತ್ತಾರೆ.